ಗ್ರಂಥದ ಆದ್ಯಕ್ಷರ: ಚರ್ಮಪತ್ರದಿಂದ ಗಣಕಯಂತ್ರದವರೆಗೆ

ಗ್ರಂಥವೊಂದರ ಪುಟವನ್ನು ತೆರೆದ ಕೂಡಲೇ ಓದುಗನ ಕಣ್ಣು ಎಲ್ಲಿ ನಿಲ್ಲಬೇಕು, ಓದು ಎಲ್ಲಿಂದ ಮೊದಲಾಗಬೇಕು ಎಂಬುದನ್ನು ಮಾತಿಲ್ಲದೆ ತಿಳಿಸುವ ಸಾಧನವೊಂದು ಪಾಶ್ಚಾತ್ಯ ಗ್ರಂಥಪರಂಪರೆಯಲ್ಲಿ ಬಹುಕಾಲದಿಂದ ಬೆಳೆದು ಬಂದಿದೆ. ಅಧ್ಯಾಯದ ಮೊದಲ ಅಕ್ಷರವನ್ನು ಉಳಿದ ಅಕ್ಷರಗಳಿಗಿಂತ ಹಲವು ಪಟ್ಟು ದೊಡ್ಡದಾಗಿ ಬರೆದು, ಬಣ್ಣದಿಂದಲೋ ಬಳ್ಳಿಯ ಚಿತ್ತಾರದಿಂದಲೋ ಸಿಂಗರಿಸುವ ಕ್ರಮವೇ ಅದು. ಇದನ್ನು ಅಲಂಕೃತ ಆದ್ಯಕ್ಷರವೆಂದು ಕರೆಯಬಹುದು. ಡಿ.ಟಿ.ಪಿ. ಕೇಂದ್ರಗಳಲ್ಲಿ ಇದಕ್ಕೆ ‘ಡ್ರಾಪ್ ಕ್ಯಾಪ್’ ಎಂಬ ಹೆಸರೇ ರೂಢಿಯಾಗಿದೆ.

ಗಣಕಯಂತ್ರದಲ್ಲಿ ಪುಟ ಜೋಡಿಸುವವನಿಗೆ ಇದು ಕ್ಷಣಮಾತ್ರದ ಕೆಲಸ. ಎಷ್ಟು ಸಾಲಿನ ಎತ್ತರ ಬೇಕೆಂಬ ಒಂದು ಅಂಕಿಯನ್ನು ಕೊಟ್ಟರೆ ಸಾಕು. ಅಕ್ಷರ ತಾನೇ ಹಿಗ್ಗಿ, ಪಕ್ಕದ ಸಾಲುಗಳು ತಾವೇ ಸರಿದು ನಿಲ್ಲುತ್ತವೆ. ಆದರೆ ಆ ಸುಲಭ ಕ್ರಿಯೆಯ ಹಿಂದೆ ಸುಮಾರು 1500 ವರ್ಷಗಳ ಇತಿಹಾಸವಿದೆ. ಆ ಇತಿಹಾಸ ಬಹುಮಟ್ಟಿಗೆ ರೋಮನ್ ಲಿಪಿಯ ಇತಿಹಾಸ. ಕನ್ನಡ ಗ್ರಂಥಗಳು ಈ ಅಲಂಕಾರವನ್ನು ಕೈಗೊಳ್ಳುವಾಗ ಅದರೊಡನೆ ಬರುವುದೇನು, ಅದರಿಂದ ಕೆಡಬಹುದಾದುದೇನು ಎಂಬ ಪ್ರಶ್ನೆ ಕೇವಲ ಅಂದಚೆಂದದ ಪ್ರಶ್ನೆಯಲ್ಲ. ಕನ್ನಡ ಅಕ್ಷರದ ಸ್ವರೂಪಕ್ಕೇ ಸಂಬಂಧಿಸಿದುದು. ಆದುದರಿಂದ ಆದ್ಯಕ್ಷರವು ನಡೆದುಬಂದ ದಾರಿಯನ್ನು ಮೊದಲಿನಿಂದ ಪರಿಶೀಲಿಸುವುದು ಉಚಿತವಾಗಿದೆ.

ಚರ್ಮಪತ್ರದ ಕಾಲ

ಪ್ರಾಚೀನ ರೋಮನರ ಬರವಣಿಗೆಯಲ್ಲಿ ಪದಪದಗಳ ನಡುವೆ ತೆರಪಿಡುವ ರೂಢಿ ಸ್ಥಿರವಾಗಿ ಉಳಿಯಲಿಲ್ಲ. ಅಕ್ಷರಗಳು ಒಂದರ ಹಿಂದೊಂದು ಸಾಲಾಗಿ ಸಾಗುತ್ತಿದ್ದವು. ಗಟ್ಟಿಯಾಗಿ ಓದಿಕೊಂಡು ಪದಗಳನ್ನು ಬಿಡಿಸಿಕೊಳ್ಳುವುದು ಓದುಗನ ಹೊಣೆಯಾಗಿತ್ತು. ಇಂತಹ ಬರವಣಿಗೆಯಲ್ಲಿ ದೊಡ್ಡ ಆದ್ಯಕ್ಷರವನ್ನು ಬಳಸಿದ ಬಹು ಹಳೆಯ ನಿದರ್ಶನಗಳಲ್ಲಿ ‘ವರ್ಜಿಲಿಯಸ್ ಆಗಸ್ಟಿಯಸ್’ ಎಂಬ ವರ್ಜಿಲ್ ಮಹಾಕವಿಯ ಕಾವ್ಯಗಳ ಹಸ್ತಪ್ರತಿ ಪ್ರಸಿದ್ಧವಾದುದು. ಕ್ರಿ.ಶ. 5-6ನೆಯ ಶತಮಾನದ್ದೆಂದು ಹೇಳಲಾಗುವ ಈ ಪ್ರತಿಯ 7 ಹಾಳೆಗಳು ಮಾತ್ರ ಉಳಿದು, ವ್ಯಾಟಿಕನ್ ಮತ್ತು ಬರ್ಲಿನ್ ಗ್ರಂಥಾಲಯಗಳಲ್ಲಿ ಹಂಚಿಹೋಗಿವೆ. ಇದರ ವೈಶಿಷ್ಟ್ಯವೆಂದರೆ ಪ್ರತಿ ಪುಟದ ಮೊದಲ ಅಕ್ಷರವೂ ದೊಡ್ಡದಾಗಿ ಬಣ್ಣದಿಂದ ಕೂಡಿದೆ. ವಾಕ್ಯವು ಅಲ್ಲಿ ಆರಂಭವಾಗುತ್ತದೆಯೋ, ನಡುವೆಯೇ ಇದೆಯೋ ಎಂಬ ವಿಚಾರವೇ ಅಲ್ಲಿಲ್ಲ. ಅಲಂಕಾರ ಹುಟ್ಟಿತ್ತು, ಅದಕ್ಕೆ ಅರ್ಥದೊಡನೆ ನಂಟು ಇನ್ನೂ ಬೆಸೆದಿರಲಿಲ್ಲ.

ಆ ನಂಟನ್ನು ಬೆಸೆದವರು ಐರ್ಲೆಂಡಿನ ಕ್ರೈಸ್ತ ಮಠಗಳ ಲಿಪಿಕಾರರು. ಅವರಿಗೆ ಲ್ಯಾಟಿನ್ ಮನೆಮಾತಲ್ಲ. ಧರ್ಮಗ್ರಂಥಕ್ಕಾಗಿ ಕಲಿತ ಪರಭಾಷೆ. ಅಂಥವರಿಗೆ ಪದವೆಲ್ಲಿ ಮುಗಿಯಿತು, ವಾಕ್ಯವೆಲ್ಲಿ ತೊಡಗಿತು ಎಂಬ ಗುರುತುಗಳು ಅತ್ಯವಶ್ಯಕವಾಗಿದ್ದವು. ಪದಗಳ ನಡುವೆ ತೆರಪು ಬಿಡುವ ಕ್ರಮವನ್ನು ರೂಢಿಗೆ ತಂದ ಕೀರ್ತಿಯೂ ಅವರದೇ. ಡಬ್ಲಿನ್ನಿನ ರಾಯಲ್ ಐರಿಷ್ ಅಕಾಡೆಮಿಯಲ್ಲಿರುವ ‘ಕಾಥಾಕ್’ ಎಂಬ ಕೀರ್ತನೆಗಳ ಹಸ್ತಪ್ರತಿಯು 6ನೆಯ ಶತಮಾನದ ಕೊನೆಯ ಅಥವಾ 7ನೆಯ ಶತಮಾನದ ಆರಂಭದ ಕೃತಿ. ಅದರಲ್ಲಿ ಪ್ರತಿಯೊಂದು ಕೀರ್ತನೆಯೂ ಒಂದು ದೊಡ್ಡ ಆದ್ಯಕ್ಷರದಿಂದ ತೊಡಗುತ್ತದೆ. ಅದರ ಮುಂದಿನ ಅಕ್ಷರ ಸ್ವಲ್ಪ ಚಿಕ್ಕದು, ಅದರ ಮುಂದಿನದು ಇನ್ನೂ ಚಿಕ್ಕದು. ಹೀಗೆ ಇಳಿಯುತ್ತ ಬಂದು ಸಾಮಾನ್ಯ ಗಾತ್ರದೊಳಗೆ ಬೆರೆತುಹೋಗುತ್ತದೆ. ದೊಡ್ಡ ಅಕ್ಷರದಿಂದ ಸಾಲಿಗೆ ಮೆಟ್ಟಿಲು ಮೆಟ್ಟಿಲಾಗಿ ಕಣ್ಣನ್ನು ಇಳಿಸುವ ಈ ಉಪಾಯ ಗಮನಾರ್ಹವಾದುದು. ಆಧುನಿಕ ಪತ್ರಿಕೆಗಳಲ್ಲಿ ದೊಡ್ಡ ಆದ್ಯಕ್ಷರದ ಮುಂದಿನ ಎರಡು ಮೂರು ಪದಗಳನ್ನು ದಪ್ಪಕ್ಷರದಲ್ಲಿ ಮುದ್ರಿಸುವುದರ ಉದ್ದೇಶವೂ ಇದೇ ಆಗಿದೆ.

ಮುಂದಿನ ಎರಡು ಶತಮಾನಗಳಲ್ಲಿ ಈ ಕಲೆ ತನ್ನ ಶಿಖರವನ್ನು ಮುಟ್ಟಿತು. 8ನೆಯ ಶತಮಾನದ ಮೊದಲ ಭಾಗದ ಲಿಂಡಿಸ್‌ಫಾರ್ನ್ ಸುವಾರ್ತೆಗಳು, ಕ್ರಿ.ಶ. 800ರ ಸುಮಾರಿನ ‘ಕೆಲ್ಸ್ ಗ್ರಂಥ’ ಇವು ಇದಕ್ಕೆ ಸಾಕ್ಷಿ. ಕೆಲ್ಸ್ ಗ್ರಂಥದ ಒಂದು ಪುಟದಲ್ಲಿ ಕ್ರಿಸ್ತನ ಗ್ರೀಕ್ ಹೆಸರಿನ ಮೂರು ಅಕ್ಷರಗಳೇ ಬಹುತೇಕ ಇಡೀ ಪುಟವನ್ನು ವ್ಯಾಪಿಸಿವೆ. ಸುರುಳಿ, ಹೆಣಿಗೆ, ಪ್ರಾಣಿರೂಪಗಳ ನಡುವೆ ಅಕ್ಷರವನ್ನು ಹುಡುಕಬೇಕಾಗುತ್ತದೆ. ಇಲ್ಲಿ ಅಕ್ಷರವು ಓದುವ ವಸ್ತುವಾಗಿರದೆ ಧ್ಯಾನಿಸುವ ವಸ್ತುವಾಗಿದೆ ಎಂದರೆ ತಪ್ಪಾಗಲಾರದು. ಇದೇ 8ನೆಯ ಶತಮಾನದಲ್ಲಿ ಬರೆದ, ಇಂದು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿರುವ ಬೀಡ್ ಎಂಬ ಇತಿಹಾಸಕಾರನ ಗ್ರಂಥದ ಪ್ರತಿಯಲ್ಲಿ ಅಕ್ಷರದ ಒಡಲೊಳಗೆ ಮನುಷ್ಯಾಕೃತಿಯನ್ನು ಬರೆದಿರುವುದನ್ನು ಕಾಣಬಹುದು. ಅಕ್ಷರದೊಳಗೆ ಚಿತ್ರವನ್ನಿಡುವ ಪದ್ಧತಿಯ ಅತಿ ಹಳೆಯ ಮಾದರಿಗಳಲ್ಲಿ ಇದೂ ಒಂದು.

ಆದರೆ ಈ ವೈಭವದ ಕೆಳಗೆ ಒಂದು ಶಿಸ್ತು ಇತ್ತೆಂಬುದನ್ನು ಮರೆಯಲಾಗದು. ಬೆನೆಡಿಕ್ಟನ ನಿಯಮದಂತೆ ಮಠವಾಸಿಗಳು 150 ಕೀರ್ತನೆಗಳನ್ನು ಒಂದು ವಾರದಲ್ಲಿ ಹಾಡಿ ಮುಗಿಸಬೇಕಾಗಿತ್ತು. ಮಂದ ಬೆಳಕಿನಲ್ಲಿ, ಗೊತ್ತಾದ ಹೊತ್ತಿಗೆ, ಗೊತ್ತಾದ ಕೀರ್ತನೆಯನ್ನು ತೆರೆಯಬೇಕು. ಆದುದರಿಂದ ಕೀರ್ತನೆಗಳ ಪುಸ್ತಕಗಳಲ್ಲಿ ಆಯಾ ದಿನದ ಪಾಠ ಆರಂಭವಾಗುವ ಕೀರ್ತನೆಗಳಿಗೆ ಅತಿ ದೊಡ್ಡ ಅಕ್ಷರ, ಉಳಿದ ಕೀರ್ತನೆಗಳಿಗೆ ಮಧ್ಯಮ ಅಕ್ಷರ, ಕೀರ್ತನೆಯೊಳಗಿನ ಪ್ರತಿ ಚರಣಕ್ಕೆ ಚಿಕ್ಕ ಬಣ್ಣದ ಅಕ್ಷರ ಎಂಬ ತಾರತಮ್ಯ ಏರ್ಪಟ್ಟಿತು. ಅಕ್ಷರದ ಗಾತ್ರವೇ ಗ್ರಂಥದ ವಿಷಯಸೂಚಿಯಾಯಿತು. ಆದ್ಯಕ್ಷರದ ಮೂಲ ಪ್ರಯೋಜನ ಇದೇ. ಅದು ಶೃಂಗಾರವಾಗುವ ಮೊದಲು ಸೇವೆಯಾಗಿತ್ತು.

12ನೆಯ ಶತಮಾನದ ಹೊತ್ತಿಗೆ ಈ ಕೆಲಸದಲ್ಲಿ ಶ್ರಮವಿಭಾಗ ಉಂಟಾಯಿತು. ಲಿಪಿಕಾರನು ಪಠ್ಯವನ್ನು ಬರೆಯುತ್ತ ಹೋಗಿ, ಆದ್ಯಕ್ಷರದ ಸ್ಥಳವನ್ನು ಬರಿದಾಗಿ ಬಿಡುತ್ತಿದ್ದನು. ಅಲ್ಲಿ ಯಾವ ಅಕ್ಷರ ಬರಬೇಕೆಂಬ ಗುರುತಿಗೆ ಅಂಚಿನಲ್ಲೋ ಖಾಲಿ ಸ್ಥಳದಲ್ಲೋ ಒಂದು ಪುಟ್ಟ ಅಕ್ಷರವನ್ನು ಬರೆದಿಡುತ್ತಿದ್ದನು. ಆಮೇಲೆ ಕೆಂಪು ಶಾಯಿಯಲ್ಲಿ ಶೀರ್ಷಿಕೆ ಮತ್ತು ಆದ್ಯಕ್ಷರಗಳನ್ನು ಬರೆಯುವವನು ಬರುತ್ತಿದ್ದನು. ಲ್ಯಾಟಿನ್ನಿನಲ್ಲಿ ಕೆಂಪು ಎಂಬ ಅರ್ಥದ ಮಾತಿನಿಂದಲೇ ಅವನಿಗೆ ‘ರುಬ್ರಿಕೇಟರ್’ ಎಂಬ ಹೆಸರು ಬಂದಿದೆ. ಚಿನ್ನದ ರೇಕು ಮತ್ತು ವರ್ಣಚಿತ್ರದ ಕೆಲಸ ಬೇರೆಯವರದು. ಇಂಗ್ಲೆಂಡಿನ ವಿಂಚೆಸ್ಟರ್ ಬೈಬಲ್ ಈ ಕ್ರಮವನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ಆ ಶತಮಾನದ ಉತ್ತರಾರ್ಧದಲ್ಲಿ ಸಿದ್ಧವಾಗುತ್ತಿದ್ದ ಆ ಬೃಹದ್ಗ್ರಂಥದ ಅಲಂಕಾರ ಪೂರ್ಣಗೊಳ್ಳಲೇ ಇಲ್ಲ. ಕೆಲವು ಆದ್ಯಕ್ಷರಗಳು ಬರಿಯ ರೇಖೆಯಲ್ಲಿ ನಿಂತಿವೆ. ಕೆಲವಕ್ಕೆ ಚಿನ್ನ ಹತ್ತಿದೆ, ಬಣ್ಣ ಬಿದ್ದಿಲ್ಲ. ಕೆಲವು ಮಾತ್ರ ಸಂಪೂರ್ಣವಾಗಿವೆ. ಮುಗಿಯದೆ ಉಳಿದುದರಿಂದಲೇ ಅದು ಕಲೆಯ ಅಭ್ಯಾಸಿಗಳಿಗೆ ಪಾಠವಾಗಿದೆ.

ಅಚ್ಚಿನ ಮೊಳೆ ಬಂದಾಗ

ಯುರೋಪಿನಲ್ಲಿ ಬಿಡಿ ಮೊಳೆಗಳ ಮುದ್ರಣವನ್ನು ನೆಲೆಗೊಳಿಸಿದ ಗುಟೆನ್‌ಬರ್ಗ್ ಸುಮಾರು 1455ರಲ್ಲಿ 42 ಸಾಲಿನ ಬೈಬಲ್ಲನ್ನು ಮೈನ್ಸ್ ನಗರದಲ್ಲಿ ಮುದ್ರಿಸಿ ಮುಗಿಸಿದನು. ಸುಮಾರು 180 ಪ್ರತಿಗಳು ಅಚ್ಚಾದುವೆಂದು ವಿದ್ವಾಂಸರು ಎಣಿಸುತ್ತಾರೆ. ಮೊದಲ ಕೆಲವು ಪುಟಗಳಲ್ಲಿ ಆತ ಶೀರ್ಷಿಕೆಗಳನ್ನು ಕೆಂಪು ಶಾಯಿಯಲ್ಲಿ ಮುದ್ರಿಸಲು ಪ್ರಯತ್ನಿಸಿ, ಬಳಿಕ ಅದನ್ನು ಕೈಬಿಟ್ಟನು. ಶೀರ್ಷಿಕೆ ಮತ್ತು ಆದ್ಯಕ್ಷರಗಳ ಸ್ಥಳ ಬರಿದಾಗಿಯೇ ಉಳಿಯಿತು. ಕೊಂಡವರು ತಮ್ಮ ಊರಿನ ಕುಶಲಿಗಳಿಂದ ಅದನ್ನು ತುಂಬಿಸಿಕೊಳ್ಳಬೇಕಾಗಿತ್ತು. ಶೀರ್ಷಿಕೆಗಳಲ್ಲಿ ಏನೇನು ಬರೆಯಬೇಕೆಂಬ ಪಟ್ಟಿಯೊಂದನ್ನೂ ಪ್ರತ್ಯೇಕವಾಗಿ ಮುದ್ರಿಸಿ ಕೊಡಲಾಗಿತ್ತು. ಹೀಗಾಗಿ ಒಂದೇ ಅಚ್ಚಿನಿಂದ ಬಂದ ಪ್ರತಿಗಳಲ್ಲಿ ಒಂದರ ಅಲಂಕಾರ ಮತ್ತೊಂದರಲ್ಲಿಲ್ಲ. ಪ್ಯಾರಿಸ್ಸಿನಲ್ಲಿರುವ ಪ್ರತಿಯೊಂದರಲ್ಲಿ ಹೈನ್‌ರಿಖ್ ಕ್ರೇಮರ್ ಎಂಬ ಪಾದ್ರಿಯು ಬಣ್ಣದ ಬರಹವನ್ನೂ ರಟ್ಟು ಕಟ್ಟುವುದನ್ನೂ 1456ರ ಆಗಸ್ಟ್ ತಿಂಗಳಲ್ಲಿ ಮುಗಿಸಿದುದಾಗಿ ಬರೆದಿಟ್ಟಿದ್ದಾನೆ. ಬೈಬಲ್ಲಿನಲ್ಲಿ ಮುದ್ರಣದ ವರ್ಷ ಅಚ್ಚಾಗಿಲ್ಲವಾದುದರಿಂದ, ಜಗತ್ಪ್ರಸಿದ್ಧವಾದ ಆ ಗ್ರಂಥದ ಕಾಲನಿರ್ಣಯಕ್ಕೆ ಈ ಟಿಪ್ಪಣಿಯೇ ಒಂದು ಮುಖ್ಯ ಆಧಾರವಾಗಿದೆ.

ಗುಟೆನ್‌ಬರ್ಗ್ ಕೈಬಿಟ್ಟುದನ್ನು ಅವನೊಡನೆ ಪಾಲುದಾರನಾಗಿದ್ದ ಫುಸ್ಟ್ ಮತ್ತು ಕುಶಲಿಯಾದ ಷೋಫರ್ ಸಾಧಿಸಿದರು. 1457ರ ಆಗಸ್ಟ್ 14ರ ದಿನಾಂಕವುಳ್ಳ ಅವರ ಮೈನ್ಸ್ ಕೀರ್ತನೆಗಳ ಪುಸ್ತಕದಲ್ಲಿ ಆದ್ಯಕ್ಷರಗಳು ಕೆಂಪು ಮತ್ತು ನೀಲಿ ಎಂಬ ಎರಡು ಬಣ್ಣಗಳಲ್ಲಿ ಅಚ್ಚಾಗಿವೆ. ಅಕ್ಷರದ ಅಚ್ಚು ಒಂದು, ಸುತ್ತಲಿನ ಬಳ್ಳಿಯ ಅಚ್ಚು ಇನ್ನೊಂದು. ಎರಡಕ್ಕೂ ಬೇರೆ ಬೇರೆ ಬಣ್ಣ ಹಚ್ಚಿ, ಒಂದರೊಳಗೊಂದನ್ನು ಕೂಡಿಸಿ, ಕಪ್ಪು ಅಕ್ಷರಗಳೊಡನೆ ಒಮ್ಮೆಲೇ ಒತ್ತಿರಬೇಕೆಂದು ವಿದ್ವಾಂಸರು ಊಹಿಸಿದ್ದಾರೆ. ಮೊದಲ ಪುಟದ ದೊಡ್ಡ ‘ಬಿ’ ಅಕ್ಷರವು ಮುದ್ರಣಕಲೆಯ ಇತಿಹಾಸದಲ್ಲಿಯೇ ಹೆಸರಾದುದು. ಆದರೆ ಇದು ಬಹು ದುಬಾರಿಯೂ ನಿಧಾನವೂ ಆದ ಮಾರ್ಗವಾದುದರಿಂದ ಮುಂದಿನವರು ಇದನ್ನು ಹೆಚ್ಚಾಗಿ ಅನುಸರಿಸಲಿಲ್ಲ. ಮುದ್ರಕರು ಖಾಲಿ ಚೌಕವನ್ನು ಬಿಟ್ಟು, ಅದರ ನಡುವೆ ಪುಟ್ಟ ಸೂಚನಾಕ್ಷರವನ್ನು ಅಚ್ಚುಹಾಕಿ ಕೈತೊಳೆದುಕೊಂಡರು. ಕೊಂಡವನಿಗೆ ಹಣವಾಗಲಿ ಆಸಕ್ತಿಯಾಗಲಿ ಇಲ್ಲದ ಕಡೆ ಆ ಚೌಕಗಳು ತುಂಬಲೇ ಇಲ್ಲ. 15ನೆಯ ಶತಮಾನದ ಎಷ್ಟೋ ಪುಸ್ತಕಗಳಲ್ಲಿ ಇಂದಿಗೂ ಆ ಖಾಲಿ ಚೌಕ, ಅದರ ನಡುವಿನ ಒಂಟಿ ಅಕ್ಷರ ಹಾಗೆಯೇ ಉಳಿದಿರುವುದನ್ನು ಕಾಣಬಹುದು.

ಈ ಸಮಸ್ಯೆಗೆ ಪರಿಹಾರ ವೆನಿಸ್ ನಗರದಲ್ಲಿ ದೊರೆಯಿತು. ಎರ್ಹಾರ್ಟ್ ರಾಟ್‌ಡೋಲ್ಟ್ ಎಂಬ ಮುದ್ರಕನು 1476ರ ಪಂಚಾಂಗದಲ್ಲಿಯೂ 1482ರ ಯೂಕ್ಲಿಡ್ಡನ ರೇಖಾಗಣಿತದಲ್ಲಿಯೂ ಅಚ್ಚಿನ ಆದ್ಯಕ್ಷರಗಳನ್ನು ಬಳಸಿದನು. ಯೂಕ್ಲಿಡ್ಡನ ಗ್ರಂಥದಲ್ಲಿ ಕಪ್ಪು ನೆಲದ ಮೇಲೆ ಬಿಳಿಯ ಬಳ್ಳಿ, ಬಿಳಿಯ ಅಕ್ಷರ. ಬೇರೆ ಬಣ್ಣದ ಅಗತ್ಯವೇ ಇಲ್ಲ. ಬಣ್ಣದ ವೈಭವವನ್ನು ಕಪ್ಪು ಬಿಳುಪಿನ ಪರಸ್ಪರ ವಿರೋಧದಿಂದ ಸಾಧಿಸಿದ ಈ ಯುಕ್ತಿ ಮುದ್ರಣಕ್ಕೆ ತಾನೇ ಸ್ವಂತವಾದ ಅಲಂಕಾರವನ್ನು ತಂದುಕೊಟ್ಟಿತು. ಅದೇ ವೆನಿಸ್ಸಿನಲ್ಲಿ ಆಲ್ಡಸ್ ಮನೂಷಿಯಸ್ 1499ರಲ್ಲಿ ಪ್ರಕಟಿಸಿದ ‘ಹಿಪ್ನೆರೊಟೊಮಾಕಿಯ ಪೊಲಿಫಿಲಿ’ ಎಂಬ ಕಥಾಗ್ರಂಥದಲ್ಲಿ 38 ಅಧ್ಯಾಯಗಳಿವೆ. ಅವುಗಳ ಅಲಂಕೃತ ಆದ್ಯಕ್ಷರಗಳನ್ನು ಕ್ರಮವಾಗಿ ಕೂಡಿಸಿ ಓದಿದರೆ, ಸೋದರ ಫ್ರಾನ್ಸಿಸ್ಕೊ ಕೊಲೊನ್ನನು ಪೋಲಿಯಳನ್ನು ಅತಿಯಾಗಿ ಪ್ರೀತಿಸಿದನೆಂಬ ಅರ್ಥದ ಲ್ಯಾಟಿನ್ ವಾಕ್ಯ ಹೊರಡುತ್ತದೆ. ಗ್ರಂಥದಲ್ಲಿ ಎಲ್ಲಿಯೂ ಹೇಳದ ಕರ್ತೃವಿನ ಹೆಸರು ಆದ್ಯಕ್ಷರಗಳಲ್ಲಿ ಅಡಗಿರುವುದು ಕುತೂಹಲಕರವಾಗಿದೆ.

16ನೆಯ ಶತಮಾನದಲ್ಲಿ ಶ್ರೇಷ್ಠ ಚಿತ್ರಕಾರರು ಈ ಕಾರ್ಯಕ್ಕೆ ಕೈಹಾಕಿದರು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿದ್ದ ಹಾನ್ಸ್ ಹೋಲ್ಬೈನ್ 1520ರ ದಶಕದಲ್ಲಿ ‘ಮೃತ್ಯುವಿನ ವರ್ಣಮಾಲೆ’ಯನ್ನು ರಚಿಸಿದನು. 24 ಅಕ್ಷರಗಳ ಪುಟ್ಟ ಚೌಕಗಳಲ್ಲಿ ಅರಸನನ್ನೂ ಬಡವನನ್ನೂ ಮಗುವನ್ನೂ ಮೃತ್ಯು ಸಮಾನವಾಗಿ ಎಳೆದೊಯ್ಯುವ ದೃಶ್ಯಗಳಿವೆ. ಪ್ಯಾರಿಸ್ಸಿನ ಜೊಫ್ರುವಾ ಟೋರಿ 1529ರಲ್ಲಿ ಅಕ್ಷರಗಳ ಪ್ರಮಾಣವನ್ನೇ ಶಾಸ್ತ್ರವಾಗಿ ವಿವೇಚಿಸುವ ‘ಷಾಂಪ್ ಫ್ಲ್ಯೂರಿ’ ಎಂಬ ಗ್ರಂಥವನ್ನು ಪ್ರಕಟಿಸಿದನು.

ಇದರ ಜೊತೆಗೇ ಅಗ್ಗದ ಉಪಾಯವೂ ಹುಟ್ಟಿಕೊಂಡಿತು. ಚಿತ್ತಾರದ ಚೌಕವೊಂದರ ನಡುವೆ ರಂಧ್ರ ಕೊರೆದು, ಬೇಕಾದ ಅಕ್ಷರದ ಮೊಳೆಯನ್ನು ಅದರಲ್ಲಿ ಸಿಕ್ಕಿಸುವ ಅಚ್ಚಿಗೆ ‘ಫ್ಯಾಕ್ಟೋಟಮ್’, ಅಂದರೆ ಸಕಲವನ್ನೂ ಮಾಡುವಂಥದು ಎಂದು ಹೆಸರು. ಒಂದೇ ಚೌಕ ಸಕಲ ಅಕ್ಷರಗಳಿಗೂ ಸಕಲ ವಿಷಯಗಳಿಗೂ ಒದಗಿತು. ಧರ್ಮೋಪದೇಶಕ್ಕೂ ಅದೇ, ನಾಟಕಕ್ಕೂ ಅದೇ. ವಿಷಯದೊಡನೆ ಸಂಬಂಧ ಕಡಿದುಹೋದ ಅಲಂಕಾರ ಹಳಸಿತು. 18ನೆಯ ಶತಮಾನದ ಬಾಸ್ಕರ್‌ವಿಲ್, ಬೊಡೋನಿ ಮೊದಲಾದ ಮುದ್ರಕರು ಅಂದವನ್ನು ಅಕ್ಷರದ ಶುದ್ಧ ರೇಖೆಯಲ್ಲಿಯೂ ಸುತ್ತಲಿನ ಬಿಳಿಯ ತೆರಪಿನಲ್ಲಿಯೂ ಅರಸಿದರು. ಚಿತ್ತಾರದ ಆದ್ಯಕ್ಷರ ಹಿಂದೆ ಸರಿಯಿತು.

ಅದನ್ನು ಮತ್ತೆ ಎತ್ತಿ ಹಿಡಿದವನು ಇಂಗ್ಲೆಂಡಿನ ವಿಲಿಯಂ ಮಾರಿಸ್. ಯಂತ್ರಯುಗದ ಒರಟು ಮುದ್ರಣದಿಂದ ಬೇಸತ್ತ ಆತ 1891ರಲ್ಲಿ ಕೆಲ್ಮ್‌ಸ್ಕಾಟ್ ಅಚ್ಚುಕೂಟವನ್ನು ಆರಂಭಿಸಿ, ಮೊಳೆ, ಅಂಚಿನ ಬಳ್ಳಿ, ಆದ್ಯಕ್ಷರ ಎಲ್ಲವನ್ನೂ ತಾನೇ ರೂಪಿಸಿದನು. 1896ರಲ್ಲಿ ಹೊರಬಂದ ಚಾಸರ್ ಕವಿಯ ಕೃತಿಗಳು ಅವನ ಪರಿಶ್ರಮದ ಕಲಶ. ಕಾಗದದ ಮೇಲೆ 425, ಚರ್ಮಪತ್ರದ ಮೇಲೆ 13 ಪ್ರತಿಗಳು ಮುದ್ರಣಗೊಂಡವು. ಅದೇ ವರ್ಷದ ಅಕ್ಟೋಬರಿನಲ್ಲಿ ಮಾರಿಸ್ ತೀರಿಕೊಂಡನು. ಆದ್ಯಕ್ಷರವನ್ನು ಪುಟದ ಮೇಲೆ ಅಂಟಿಸಿದ ಒಡವೆಯೆಂದು ಭಾವಿಸದೆ, ಪುಟದ ಕಪ್ಪು ಬಿಳುಪಿನ ಒಟ್ಟು ತೂಕದಲ್ಲಿ ಒಂದು ಅಂಗವೆಂದು ಭಾವಿಸಬೇಕೆಂಬುದೇ ಅವನು ಕಲಿಸಿದ ಪಾಠ.

ತಾಳೆಗರಿಯ ಮಾರ್ಗ

ಯುರೋಪಿನಲ್ಲಿ ಇಷ್ಟೆಲ್ಲ ನಡೆಯುತ್ತಿದ್ದ ಶತಮಾನಗಳಲ್ಲಿ ಕನ್ನಡ ನಾಡಿನ ಗ್ರಂಥಗಳಲ್ಲಿ ಆದ್ಯಕ್ಷರದ ಅಲಂಕಾರ ಏಕೆ ಬೆಳೆಯಲಿಲ್ಲ? ಮೊದಲ ಕಾರಣ ಬರೆಯುವ ವಸ್ತುವಿನಲ್ಲಿಯೇ ಇದೆ. ತಾಳೆಗರಿಯ ಮೇಲೆ ಕಂಠದಿಂದ ಕೊರೆದು, ಬಳಿಕ ಮಸಿಯನ್ನು ಸವರಿ ಒರೆಸಿದಾಗ ಗೀರುಗಳಲ್ಲಿ ಮಾತ್ರ ಕಪ್ಪು ನಿಲ್ಲುತ್ತದೆ. ಎಲ್ಲ ಅಕ್ಷರಕ್ಕೂ ಒಂದೇ ಬಣ್ಣ, ಒಂದೇ ರೇಖೆ. ಗರಿಯ ಅಗಲ ಕೆಲವೇ ಬೆರಳು. ಐದಾರು ಸಾಲಿನ ಆ ಇಕ್ಕಟ್ಟಿನಲ್ಲಿ ಮೂರು ಸಾಲನ್ನು ನುಂಗುವ ಅಕ್ಷರಕ್ಕೆ ಎಡೆಯಿಲ್ಲ. ಮೂಡಬಿದರೆಯ ‘ಧವಳಾ’ ಗ್ರಂಥಗಳ 12ನೆಯ ಶತಮಾನದ ತಾಡಪತ್ರಗಳಲ್ಲಿ ಸೊಗಸಾದ ವರ್ಣಚಿತ್ರಗಳಿವೆ. ಆದರೆ ಅಲ್ಲಿ ಚಿತ್ರವು ಬರಹದ ಪಕ್ಕದಲ್ಲಿ ತನ್ನದೇ ಚೌಕದಲ್ಲಿ ನಿಂತಿದೆಯೇ ಹೊರತು ಅಕ್ಷರದ ಒಡಲನ್ನು ಹೊಕ್ಕಿಲ್ಲ.

ಎರಡನೆಯ ಕಾರಣ ಇನ್ನೂ ಆಳವಾದುದು. ಕನ್ನಡದ ಕಾವ್ಯವು ಆರಂಭದ ಗುರುತನ್ನು ಕಣ್ಣಿಗಲ್ಲ, ಕಿವಿಗೆ ಕೊಟ್ಟಿತು. ಹಳೆಯ ಕನ್ನಡ ಪದ್ಯಗಳಲ್ಲಿ ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಮರಳಿ ಬರುವ ಪ್ರಾಸ ನಿಯತವಾಗಿತ್ತು. 9ನೆಯ ಶತಮಾನದ ‘ಕವಿರಾಜಮಾರ್ಗ’ವೇ ಪ್ರಾಸದ ಭೇದಗಳನ್ನು ವಿವೇಚಿಸುತ್ತದೆ. ಗರಿಯ ಮೇಲೆ ಪಾದಗಳು ಒಂದಕ್ಕೊಂದು ಹತ್ತಿಕೊಂಡು ಸಾಗಿದ್ದರೂ ಪ್ರಾಸದ ಅಕ್ಷರ ಬಂದೊಡನೆ ಹೊಸ ಪಾದ ತೊಡಗಿತೆಂದು ಓದುಗನಿಗೆ ವಿದಿತವಾಗುತ್ತಿತ್ತು. ವಚನಕಾರರಾದರೋ ಈ ಪ್ರಾಸನಿಯಮಕ್ಕೆ ಕಟ್ಟುಬೀಳಲಿಲ್ಲ. ವಚನದಲ್ಲಿ ಗುರುತು ನಿಂತಿರುವುದು ಕೊನೆಯಲ್ಲಿ. ಬಸವಣ್ಣನವರ ಕೂಡಲಸಂಗಮದೇವ, ಅಲ್ಲಮಪ್ರಭುವಿನ ಗುಹೇಶ್ವರ, ಅಕ್ಕಮಹಾದೇವಿಯ ಚೆನ್ನಮಲ್ಲಿಕಾರ್ಜುನ ಮುಂತಾದ ಅಂಕಿತಗಳು ವಚನವು ಯಾರದೆಂಬುದನ್ನು ತಿಳಿಸುವುದರೊಡನೆ ಅದು ಪೂರ್ಣವಾಯಿತೆಂಬುದನ್ನೂ ಸೂಚಿಸುತ್ತವೆ. ಪಾಶ್ಚಾತ್ಯ ಲಿಪಿಕಾರನು ಆದಿಯನ್ನು ಬೆಳಗಿಸಿದನು. ವಚನಕಾರನು ಅಂತ್ಯವನ್ನು ಬೆಳಗಿಸಿದನು ಎನ್ನಬಹುದು.

ಮುದ್ರಣ ಬಂದಾಗ ಈ ಸ್ಥಿತಿ ಬದಲಾಯಿತು. ವಿಲಿಯಂ ಕೇರಿಯ ಕನ್ನಡ ವ್ಯಾಕರಣವು 1817ರಲ್ಲಿ ಬಂಗಾಳದ ಸೆರಾಂಪುರದಲ್ಲಿ ಅಚ್ಚಾಯಿತು. ಹೋಲ್ಬೈನನು ಮೃತ್ಯುವಿನ ವರ್ಣಮಾಲೆಯನ್ನು ರಚಿಸಿದ ಅದೇ ಬಾಸೆಲ್ ನಗರದ ಮಿಷನ್ನಿನವರು 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ತೆರೆದರು. 1843ರಲ್ಲಿ ಮೊದಲ ಕನ್ನಡ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ ಅಲ್ಲಿಂದ ಹೊರಟಿತು. ವಚನಗಳ ಪಾಲಿಗೆ ಮಹತ್ವದ ವರ್ಷ 1923. ಫ.ಗು. ಹಳಕಟ್ಟಿಯವರು ಊರೂರು ಅಲೆದು ಕೂಡಿಸಿದ ತಾಳೆಗರಿಗಳ ಫಲವಾಗಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಆ ವರ್ಷ ಪ್ರಕಟವಾಯಿತು. ಗರಿಯ ಸಾಲುಗಳಲ್ಲಿ ಒಂದರ ಹಿಂದೊಂದು ಸಾಗುತ್ತಿದ್ದ ವಚನಗಳು ಕಾಗದದ ಪುಟದಲ್ಲಿ ಬಿಡಿಬಿಡಿಯಾಗಿ ಕಣ್ಣಿಗೆ ನಿಲ್ಲುವ ಕಾಲ ಬಂದಿತು. ಎಲ್ಲಿ ಆರಂಭ ಎಂಬುದನ್ನು ಕಣ್ಣಿಗೆ ತೋರಿಸಬೇಕಾದ ಹೊಣೆ ಅಂದಿನಿಂದ ಕನ್ನಡ ಮುದ್ರಕನ ಮೇಲೂ ಬಿದ್ದಿತು.

ಗಣಕಯಂತ್ರದ ಪುಟ

20ನೆಯ ಶತಮಾನದ ಕೊನೆಯ ಭಾಗದಲ್ಲಿ ಸೀಸದ ಮೊಳೆ ಹಿಂದೆ ಸರಿಯಿತು. 1984ರಲ್ಲಿ ಅಡೋಬಿ ಸಂಸ್ಥೆಯು ಪುಟದ ರೂಪವನ್ನು ಗಣಿತದ ರೇಖೆಗಳಾಗಿ ವರ್ಣಿಸುವ ಪೋಸ್ಟ್‌ಸ್ಕ್ರಿಪ್ಟ್ ಎಂಬ ಭಾಷೆಯನ್ನು ಹೊರತಂದಿತು. 1985ರಲ್ಲಿ ಆಪಲ್ ಸಂಸ್ಥೆಯ ಲೇಸರ್‌ರೈಟರ್ ಮುದ್ರಕಯಂತ್ರವೂ ಆಲ್ಡಸ್ ಸಂಸ್ಥೆಯ ಪೇಜ್‌ಮೇಕರ್ ತಂತ್ರಾಂಶವೂ ಬಂದವು. ಮೇಜಿನ ಮೇಲೆಯೇ ಪುಟ ಕಟ್ಟುವ ಈ ವಿದ್ಯೆಗೆ ‘ಡೆಸ್ಕ್‌ಟಾಪ್ ಪಬ್ಲಿಷಿಂಗ್’ ಎಂದು ಹೆಸರಾಯಿತು. ವೆನಿಸ್ಸಿನ ಹಳೆಯ ಮುದ್ರಕ ಆಲ್ಡಸ್ ಮನೂಷಿಯಸ್ಸನ ಹೆಸರನ್ನೇ ಆ ಸಂಸ್ಥೆ ಇಟ್ಟುಕೊಂಡಿದ್ದುದು ಗಮನಾರ್ಹ. ಪೇಜ್‌ಮೇಕರ್ ಆರಂಭದಲ್ಲಿ ಆದ್ಯಕ್ಷರವನ್ನು ತಾನಾಗಿ ಮಾಡಿಕೊಡುತ್ತಿರಲಿಲ್ಲ. ಅಕ್ಷರವನ್ನು ಪ್ರತ್ಯೇಕ ತುಂಡಾಗಿ ದೊಡ್ಡದು ಮಾಡಿ ಕೈಯಿಂದಲೇ ಕೂರಿಸಬೇಕಾಗಿತ್ತು. ಮುಂದಿನ ತಂತ್ರಾಂಶಗಳಲ್ಲಿ ಅದು ಒಂದು ಆಜ್ಞೆಯಷ್ಟಕ್ಕೆ ಇಳಿಯಿತು.

ಈ ಆಜ್ಞೆಯ ಹಿಂದಿರುವ ಲೆಕ್ಕ ಸರಳವಾದುದು. ಆದ್ಯಕ್ಷರದ ತಲೆಯು ಮೊದಲ ಸಾಲಿನ ಅಕ್ಷರಗಳ ತಲೆಗೂ, ಪಾದವು ಅದು ಇಳಿಯುವ ಕೊನೆಯ ಸಾಲಿನ ಪಾದಕ್ಕೂ ಸಮನಾಗಿರಬೇಕು. ಸಾಲಿನಿಂದ ಸಾಲಿಗೆ 16 ಪಾಯಿಂಟ್ ಅಂತರವಿದ್ದು, ಪಠ್ಯದ ಅಕ್ಷರದ ಎತ್ತರ 8 ಪಾಯಿಂಟ್ ಇದ್ದರೆ, ಮೂರು ಸಾಲಿನ ಆದ್ಯಕ್ಷರದ ಎತ್ತರವು ಎರಡು ಅಂತರಗಳ 32 ಮತ್ತು ಒಂದು ಅಕ್ಷರದ 8 ಕೂಡಿ 40 ಪಾಯಿಂಟ್ ಆಗುತ್ತದೆ. ತಲೆ ಸ್ವಲ್ಪ ಮೇಲೆದ್ದರೂ ಪಾದ ಸ್ವಲ್ಪ ತೇಲಿದರೂ ನುರಿತ ಕಣ್ಣು ಅದನ್ನು ಕೂಡಲೇ ಗುರುತಿಸುತ್ತದೆ. ರೋಮನ್ ದೊಡ್ಡಕ್ಷರಗಳಿಗೆ ಈ ಲೆಕ್ಕ ಹೇಳಿ ಮಾಡಿಸಿದಂತಿದೆ; ಅವು ಬಹುತೇಕ ಎಲ್ಲವೂ ಒಂದೇ ಎತ್ತರದವು, ಪಾದದ ಕೆಳಗೆ ಇಳಿಯುವಂಥವು ತೀರ ಕಡಮೆ.

ಕನ್ನಡದ ಅಕ್ಷರವನ್ನು ಈ ಚೌಕಟ್ಟಿಗೆ ತಂದಾಗ ತೊಡಕು ಆರಂಭವಾಗುತ್ತದೆ. ಗುಣಿತದ ಚಿಹ್ನೆಗಳು ತಲೆಕಟ್ಟನ್ನು ಮೀರಿ ಮೇಲೇರುತ್ತವೆ; ಒತ್ತಕ್ಷರಗಳು ಪಾದದಿಂದ ಕೆಳಗೆ ಇಳಿಯುತ್ತವೆ. ಆದರೆ ಎತ್ತರದ ಈ ತೊಡಕಿಗಿಂತ ದೊಡ್ಡದು ಎಣಿಕೆಯ ತೊಡಕು. ‘ಮೊದಲ ಒಂದು ಅಕ್ಷರವನ್ನು ದೊಡ್ಡದು ಮಾಡು’ ಎಂದರೆ ಯಂತ್ರವು ಒಂದು ಎಂದು ಎಣಿಸುವುದು ಯಾವುದನ್ನು?

ಕನ್ನಡ ಡಿ.ಟಿ.ಪಿ.ಯಲ್ಲಿ ಬಹುಕಾಲ ಬಳಕೆಯಲ್ಲಿದ್ದ ಹಳೆಯ ಸಂಕೇತದ ಅಕ್ಷರಮಾದರಿಗಳಲ್ಲಿ, ಸೀಸದ ಮೊಳೆಯ ಕಾಲದಂತೆಯೇ, ಅಕ್ಷರಗಳು ತುಂಡುತುಂಡಾಗಿದ್ದವು. ‘ಶ್ರೀ’ ಎಂಬುದು ಓದುಗನಿಗೆ ಒಂದೇ ಅಕ್ಷರ. ಯಂತ್ರಕ್ಕೋ ಅದು ಮೂರು ತುಂಡು: ಗುಡಿಸು ಸೇರಿದ ‘ಶಿ’, ಕೆಳಗಿನ ರಕಾರದ ಒತ್ತು, ಬಲಗಡೆಯ ದೀರ್ಘದ ಚಿಹ್ನೆ. ಮೊದಲ ಒಂದನ್ನು ದೊಡ್ಡದು ಮಾಡೆಂದರೆ ‘ಶಿ’ ಮಾತ್ರ ಬೆಟ್ಟದಂತೆ ಬೆಳೆದು, ಒತ್ತೂ ದೀರ್ಘವೂ ಮೂಲ ಗಾತ್ರದಲ್ಲಿಯೇ ಪಕ್ಕದ ಸಾಲಿನಲ್ಲಿ ಅನಾಥವಾಗಿ ನಿಲ್ಲುತ್ತವೆ. ‘ಲಿಂಗ’ ಎಂದು ತೊಡಗುವ ಬರಹದಲ್ಲಿ ‘ಲಿ’ ಹಿಗ್ಗಿ ಸೊನ್ನೆ ಹಿಂದುಳಿಯುತ್ತದೆ, ‘ಜಂಗಮ’ದಲ್ಲಿಯೂ ಹಾಗೆಯೇ. 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಬಿಂದು, ವಿಸರ್ಗ ಮುಂತಾದುವನ್ನು ಯೋಗವಾಹಗಳೆಂದು ಬೇರೆಯಾಗಿ ಎಣಿಸಿದ್ದಾನೆ. ಬೇರೊಂದು ಅಕ್ಷರದ ಯೋಗದಿಂದಲ್ಲದೆ ಅವು ನಿಲ್ಲಲಾರವು. ವೈಯಾಕರಣನು ನಿಲ್ಲಲಾರದೆಂದುದನ್ನು ಯಂತ್ರವು ಒಂಟಿಯಾಗಿ ನಿಲ್ಲಿಸಿತು.

ಜಗತ್ತಿನ ಎಲ್ಲ ಲಿಪಿಗಳಿಗೂ ಏಕರೂಪದ ಸಂಕೇತವನ್ನು ಕೊಡುವ ಯೂನಿಕೋಡ್ ವ್ಯವಸ್ಥೆಯಲ್ಲಿ ಕನ್ನಡವು 1991ರ ಮೊದಲ ಆವೃತ್ತಿಯಿಂದಲೇ ಸೇರಿದೆ. ಅಲ್ಲಿ ತುಂಡುಗಳು ರೂಪದವಲ್ಲ, ಧ್ವನಿಯವು. ಇದು ನಿಜವಾದ ಪ್ರಗತಿ. ಆದರೂ ‘ಶ್ರೀ’ ಎಂಬುದು ಅಲ್ಲಿ ಶಕಾರ, ಹಲಂತದ ಚಿಹ್ನೆ, ರಕಾರ, ಈಕಾರದ ಚಿಹ್ನೆ ಎಂಬ ನಾಲ್ಕು ಸಂಕೇತಗಳು. ಓದುಗನು ಒಂದೆಂದು ಭಾವಿಸುವ ಗುಂಪನ್ನು ಗುರುತಿಸಲು ಯೂನಿಕೋಡ್ ಸಾಮಾನ್ಯ ನಿಯಮವೊಂದನ್ನು ಮಾಡಿದೆ. ಆ ನಿಯಮದಂತೆ ‘ಲಿಂ’ ಒಡೆಯುವುದಿಲ್ಲ. ಆದರೆ ‘ಶ್ರೀ’ ಎಂಬುದು ‘ಶ್’ ಮತ್ತು ‘ರೀ’ ಎಂದು ಇಬ್ಭಾಗವಾಗುತ್ತಿತ್ತು. ಸಂಯುಕ್ತಾಕ್ಷರವನ್ನು ಒಡೆಯದಂತೆ 2023ರ 15.1ನೆಯ ಆವೃತ್ತಿಯಲ್ಲಿ ಹೊಸ ನಿಯಮವೊಂದನ್ನು ಸೇರಿಸಲಾಯಿತು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಎಂಬ ಆರು ಲಿಪಿಗಳಿಗೆ ಅದು ಅನ್ವಯಿಸಿತು. ಸೋದರ ಲಿಪಿಯಾದ ತೆಲುಗು ಸೇರಿದ್ದ ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಯಂತ್ರವು ತಾನಾಗಿ ಸರಿ ಮಾಡೀತೆಂದು ನಂಬಿ ಕೂರುವಂತಿಲ್ಲವೆಂಬುದಕ್ಕೆ ಇಷ್ಟೇ ಸಾಕು.

ಕನ್ನಡದ ಆದ್ಯಕ್ಷರಕ್ಕೊಂದು ಮರ್ಯಾದೆ

ಹಾಗಾದರೆ ಕನ್ನಡ ಗ್ರಂಥಗಳು ಆದ್ಯಕ್ಷರದ ಅಲಂಕಾರವನ್ನು ಬಿಡಬೇಕೆ? ಹಾಗೇನೂ ಇಲ್ಲ. ಮೇಲಿನ ಇತಿಹಾಸದಿಂದಲೇ ಕೆಲವು ಸೂತ್ರಗಳು ಹೊರಡುತ್ತವೆ.

ಮೊದಲನೆಯದಾಗಿ, ಹಿಗ್ಗಿಸಬೇಕಾದುದು ಯಂತ್ರದ ತುಂಡನ್ನಲ್ಲ, ಪೂರ್ಣಾಕ್ಷರವನ್ನು. ಸ್ವರವೋ ವ್ಯಂಜನವೋ, ಅದರ ಒತ್ತು, ಗುಣಿತ, ದೀರ್ಘ, ಸೊನ್ನೆ, ವಿಸರ್ಗ ಇವೆಲ್ಲ ಸೇರಿದುದೇ ಒಂದು. ತಂತ್ರಾಂಶದಲ್ಲಿ ಎಷ್ಟು ಅಕ್ಷರವೆಂಬ ಅಂಕಿಯನ್ನು ಬದಲಿಸಿಯಾದರೂ, ಅಕ್ಷರವನ್ನು ಪ್ರತ್ಯೇಕವಾಗಿ ಕೂರಿಸಿಯಾದರೂ ಇದನ್ನು ಸಾಧಿಸಬೇಕು. ಎರಡನೆಯದಾಗಿ, ತಲೆಯನ್ನು ತಲೆಕಟ್ಟಿನಿಂದ ಅಳೆಯಬೇಕು. ರೋಮನ್ ಅಕ್ಷರ ಪಾದದ ಗೆರೆಯ ಮೇಲೆ ನಿಲ್ಲುತ್ತದೆ. ಭಾರತೀಯ ಲಿಪಿಗಳಲ್ಲಿ ಹಲವು ತಲೆಯ ಗೆರೆಯಿಂದ ತೂಗುತ್ತವೆ ಎಂಬ ಅಂಶವನ್ನು ಅಂತರಜಾಲದ ಪುಟವಿನ್ಯಾಸದ ನಿಯಮಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ತಜ್ಞರೂ ಪರಿಗಣಿಸಿದ್ದಾರೆ. ಮೂಲಾಕ್ಷರದ ತಲೆಕಟ್ಟು ಮೊದಲ ಸಾಲಿನ ತಲೆಕಟ್ಟಿಗೆ ಸಮನಾಗಿರಲಿ. ಒತ್ತಕ್ಷರವಿದ್ದಲ್ಲಿ ಅದರ ಇಳಿತಕ್ಕೆ ಇನ್ನೊಂದು ಸಾಲಿನ ಎಡೆಯನ್ನು ಬಿಡಬೇಕು. ಒತ್ತನ್ನು ಕುಗ್ಗಿಸುವುದು, ಕತ್ತರಿಸುವುದು ಸಲ್ಲದು.

ಮೂರನೆಯದಾಗಿ, ಸ್ಥಾನೌಚಿತ್ಯ. ವಚನಗಳ ಸಂಪುಟದಲ್ಲಿ ನಾಲ್ಕೈದು ಸಾಲಿನ ಪ್ರತಿ ವಚನಕ್ಕೂ ಮೂರು ಸಾಲಿನ ಆದ್ಯಕ್ಷರವನ್ನಿಟ್ಟರೆ ಅಲಂಕಾರವೇ ವಚನವನ್ನು ನುಂಗಿಬಿಡುತ್ತದೆ. ಕೀರ್ತನೆಗಳ ಹಸ್ತಪ್ರತಿಗಳ ತಾರತಮ್ಯವನ್ನು ಇಲ್ಲಿ ನೆನೆಯಬಹುದು. ಒಬ್ಬ ಶರಣನ ವಚನಗಳು ಆರಂಭವಾಗುವಲ್ಲಿ, ಇಲ್ಲವೆ ಒಂದು ಸ್ಥಲ ಆರಂಭವಾಗುವಲ್ಲಿ ಮಾತ್ರ ದೊಡ್ಡ ಅಕ್ಷರ ಶೋಭಿಸುತ್ತದೆ. ಬಿಡಿ ವಚನಕ್ಕೆ ಮೊದಲ ಸಾಲಿನ ಮೇಲಿನ ತೆರಪೂ ಕೊನೆಯ ಅಂಕಿತವೂ ಸಾಕಾದ ಗುರುತುಗಳು. ಅಂಕಿತವನ್ನು ಮಂಕಾಗಿಸುವ ಆದ್ಯಕ್ಷರ ವಚನದ ಪುಟಕ್ಕೆ ಒಪ್ಪುವುದಿಲ್ಲ.

ಅಲಂಕಾರವು ಅರ್ಥಕ್ಕೆ ಸೇವೆ ಸಲ್ಲಿಸಿದಾಗ ಬಾಳಿತು, ಸೇವೆಯನ್ನು ಮರೆತಾಗ ಹಳಸಿತು ಎಂಬುದೇ ಐರ್ಲೆಂಡಿನ ಲಿಪಿಕಾರರಿಂದ ಮಾರಿಸ್‌ವರೆಗಿನ ಇತಿಹಾಸದ ಸಾರ. ಕನ್ನಡದ ಮಗು ಬರೆಯಲು ಕಲಿಯುವಾಗ ಕಾಗುಣಿತವನ್ನು ಅಕ್ಷರಕ್ಕೆ ಸೇರಿಸಿಯೇ ಕಲಿಯುತ್ತದೆ. ‘ಶ್ರೀ’ಯನ್ನು ಒಂದೇ ಉಸಿರಿನಲ್ಲಿ ಉಚ್ಚರಿಸುತ್ತದೆ. ಗ್ರಂಥವೊಂದರ ಮೊಟ್ಟಮೊದಲ ಸ್ಥಾನದಲ್ಲಿ, ಅದೂ ದೊಡ್ಡ ಗಾತ್ರದಲ್ಲಿ, ಆ ಅಕ್ಷರವು ಮುರಿದು ನಿಂತರೆ ಅದನ್ನು ನೋಡುವ ಎಳೆಯ ಓದುಗನಿಗೆ ಕನ್ನಡವು ತುಂಡುಗಳ ರಾಶಿಯಾಗಿ ತೋರೀತು. ಪುಟ ಜೋಡಿಸುವವನೂ ಕರಡು ತಿದ್ದುವವನೂ ಆ ಒಂದು ಅಕ್ಷರದ ಮೇಲೆ ಅರೆಗಳಿಗೆ ಹೆಚ್ಚು ದೃಷ್ಟಿಯಿಟ್ಟರೆ ಈ ದೋಷ ನಿವಾರಣೆಯಾಗುತ್ತದೆ. ಕ್ಷರವಿಲ್ಲದ್ದು, ಅಂದರೆ ನಾಶವಿಲ್ಲದ್ದು, ಅಕ್ಷರ. ಆ ಹೆಸರು ಸಾರ್ಥಕವಾಗಬೇಕಾದರೆ ಪುಟದ ಮೇಲೆಯೂ ಅದು ಅಖಂಡವಾಗಿಯೇ ಇರಬೇಕು.